ಕಡಲಿನ ದಾರಿಯೂ ಗಾಡಿ ನಿಲ್ಲಿಸುವ ಜಾಗವೂ

ಕಂದಿಕೆರೆಯ ತೆಂಗಿನ ಸೀಮೆಯವರಾದ ನಮಗೆ ಕಡಲು ದೂರದ್ದು, ಆದರೆ ಪರಕೀಯವಲ್ಲ. ಹಿಂದೆ 206 ಎಂಬ ಸಂಖ್ಯೆ ಹೊತ್ತಿದ್ದ ತುಮಕೂರು–ಹೊನ್ನಾವರ ರಾಷ್ಟ್ರೀಯ ಹೆದ್ದಾರಿ ನಮ್ಮ ತಿಪಟೂರಿನ ಮೂಲಕವೇ ಹಾದು, ಅರಸೀಕೆರೆ, ಶಿವಮೊಗ್ಗ, ಸಾಗರಗಳನ್ನು ದಾಟಿ ಕರಾವಳಿಯನ್ನು ಸೇರುತ್ತಿತ್ತು. ಜನವರಿಯಲ್ಲಿ ಕಾರ್ಕಳದ ಅತ್ತೂರಿಗೆ, ಸಂತ ಲಾರೆನ್ಸರ ಮಹೋತ್ಸವಕ್ಕೆಂದು ಹೊರಡುವ ಕುಟುಂಬಗಳು ಮಕ್ಕಳಿಗೆ ಕಡಲನ್ನು ತೋರಿಸಲು ಮಲ್ಪೆಯವರೆಗೂ ಹೋಗಿ ಬರುವುದುಂಟು. ಹಾಗೆ ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ, ವಾಹನವನ್ನು ಎಲ್ಲಿ ನಿಲ್ಲಿಸಬೇಕು, ಅದಕ್ಕೆ ಎಷ್ಟು ಹಣ ತೆರಬೇಕು ಎಂಬುದು. ಇದು ಕ್ಷುಲ್ಲಕ ವಿಷಯವೆಂದು ಕಾಣಬಹುದು. ಅದರ ಹಿಂದಿರುವ ತತ್ತ್ವ ಮಾತ್ರ ಕ್ಷುಲ್ಲಕವಲ್ಲ.

ಕಡಲತೀರ ಯಾರೊಬ್ಬರ ಸ್ವತ್ತೂ ಅಲ್ಲ. ನದಿ, ಕಡಲತೀರ, ಅರಣ್ಯ ಮುಂತಾದ ಸಂಪತ್ತುಗಳಿಗೆ ಸರ್ಕಾರವು ಒಡೆಯನಲ್ಲ, ಪ್ರಜೆಗಳ ಪರವಾಗಿ ಅವುಗಳನ್ನು ಕಾಯುವ ಧರ್ಮದರ್ಶಿ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ, ಹಿಮಾಚಲ ಪ್ರದೇಶದ ಬಿಯಾಸ್ ನದಿಗೆ ಸಂಬಂಧಿಸಿದ ಕಮಲ್ ನಾಥ್ ಮೊಕದ್ದಮೆಯಲ್ಲಿ ಎತ್ತಿ ಹಿಡಿಯಿತು. ಅದಕ್ಕೂ ಮೊದಲು, 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ತೀರದ ಎರಡು ಹೋಟೆಲುಗಳ ನಡುವೆ ಜನರು ಕಡಲಿಗೆ ಹೋಗಲು ಕನಿಷ್ಠ 20 ಮೀಟರ್ ಅಗಲದ ಜಾಗವನ್ನು ಬಿಡಬೇಕೆಂದು ವಿಧಿಸಿತ್ತು. ಆ ಜಾಗದಿಂದ ಪಕ್ಕದ ಓಣಿಯವನು ನಡೆದು ಬಂದಾನು. ನೂರಾರು ಮೈಲಿ ದೂರದಿಂದ ಬಂದವನಿಗೆ ಅಷ್ಟೇ ಸಾಲದು. ವಾಹನ ನಿಲ್ಲಿಸುವ ನೆಲವೂ ಬೇಕು. ಆ ನೆಲವನ್ನು ಬೇಲಿ ಹಾಕಿ ಗುತ್ತಿಗೆಗೆ ಕೊಟ್ಟ ಮೇಲೆ, ಕಡಲು ಎಲ್ಲರದೆಂಬ ಮಾತು ಕಾಗದದಲ್ಲಿ ಮಾತ್ರ ಉಳಿಯುತ್ತದೆ.

ದೋಣಿಗಳ ಬಂದರಿನಲ್ಲಂತೂ ಈ ನೆಲದ ಮಹತ್ವ ಇನ್ನೂ ಹೆಚ್ಚು. ನಸುಕಿನಲ್ಲಿ ದೋಣಿ ಏರುವ ಕೂಲಿಗಾರನ ಸೈಕಲ್ಲು, ಮೀನಿನ ಬುಟ್ಟಿ ಹೊತ್ತು ಬರುವ ಮಹಿಳೆಯರ ಆಟೋರಿಕ್ಷಾ, ಮಂಜುಗಡ್ಡೆ ತರುವ ಟೆಂಪೋ, ಪ್ರವಾಸಿಗಳ ಬಸ್ಸು, ಎಲ್ಲವೂ ಅಲ್ಲಿಯೇ ನಿಲ್ಲಬೇಕು. ಪ್ರವಾಸಿಗೆ ಶುಲ್ಕವು ವರ್ಷಕ್ಕೊಮ್ಮೆ ತೆರುವ ಅಲ್ಪ ಹಣ. ಪ್ರತಿದಿನ ಬಂದು ಹೋಗುವ ಕೂಲಿಗಾರನಿಗೆ ಅದು ಅನ್ನದ ಮೇಲಿನ ತೆರಿಗೆ.

ನಮ್ಮ ರಾಜ್ಯದ ಕರಾವಳಿಯಲ್ಲಿ ತೀರದ ತೆರೆದ ನೆಲ ಕಿರಿದಾಗುತ್ತಿರುವ ಆತಂಕ ಹೊಸದಲ್ಲ. 2020ರ ಜನವರಿಯಲ್ಲಿ ಕಾರವಾರದ ವಾಣಿಜ್ಯ ಬಂದರಿನ ಎರಡನೆಯ ಹಂತದ ವಿಸ್ತರಣೆ ಆರಂಭವಾದಾಗ, ಊರಿನ ರವೀಂದ್ರನಾಥ ಟ್ಯಾಗೋರ್ ಕಡಲತೀರ ಕೈತಪ್ಪುವುದೆಂದು ಮೀನುಗಾರರು ಬೀದಿಗಿಳಿದರು. ಉಚ್ಚ ನ್ಯಾಯಾಲಯವು ಆಗ ಕಾಮಗಾರಿಗೆ ತಡೆ ನೀಡಿತು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ, ಮೀನು ಒಣಗಿಸುವ ಮರಳಿನ ಮೇಲೆ ಹಾಯುವ ರಸ್ತೆಯ ವಿರುದ್ಧ ಮೀನುಗಾರ ಕುಟುಂಬಗಳು ಹೋರಾಟ ನಡೆಸಿದವು. ಅದೇ ಕಾಸರಕೋಡು ಮತ್ತು ಪಡುಬಿದ್ರಿಯ ತೀರಗಳಿಗೆ 2020ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ನೀಲಿ ಧ್ವಜದ ಮನ್ನಣೆ ದೊರೆಯಿತು. ಸ್ವಚ್ಛತೆಗೆ ಸಂದ ಈ ಗೌರವ ಸಂತೋಷದ ಸಂಗತಿಯೇ. ಆದರೆ ಬಂದರು ದೊಡ್ಡದಾದಾಗಲೂ ತೀರ ಅಂದವಾದಾಗಲೂ ಮೊದಲು ಮಾಯವಾಗುವುದು ಯಾವ ನಕ್ಷೆಯಲ್ಲೂ ಹೆಸರಿಲ್ಲದ ಬಯಲು, ಎಂದರೆ ಬಲೆ ಹರಡುವ, ಗಾಡಿ ಬಿಡುವ ಜಾಗ.

ಹೊರದೇಶಗಳಲ್ಲಿ ಇದನ್ನು ಹೇಗೆ ನೋಡುತ್ತಾರೆ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1976ರ ತನ್ನ ಕರಾವಳಿ ಕಾಯಿದೆಯಲ್ಲಿ ವಾಹನ ನಿಲುಗಡೆಯನ್ನೂ ಸಾರ್ವಜನಿಕರ ಪ್ರವೇಶದ ಅಂಗವೆಂದೇ ಪರಿಗಣಿಸಿದೆ. ಅಲ್ಪ ವೆಚ್ಚದ ಸೌಕರ್ಯಗಳನ್ನು ಕಾಪಾಡಬೇಕೆಂದೂ ಹೇಳಿದೆ. ಅಲ್ಲಿನ ಉದ್ಯಾನ ಇಲಾಖೆಯು ಸೊನೋಮಾ ಜಿಲ್ಲೆಯ ತೀರಗಳಲ್ಲಿ ಹೊಸದಾಗಿ ನಿಲುಗಡೆ ಶುಲ್ಕ ವಿಧಿಸಲು ಹೊರಟಾಗ, 2013ರಲ್ಲಿ ಆ ಜಿಲ್ಲಾಡಳಿತವೇ ಅನುಮತಿ ನಿರಾಕರಿಸಿತು. ಬಡವನಿಗೂ ಕಡಲು ಬೇಕೆಂಬ ವಾದ ಶ್ರೀಮಂತ ನಾಡಿನಲ್ಲೇ ನಡೆಯುವುದಾದರೆ, ನಮ್ಮಲ್ಲಿ ಅದು ಇನ್ನೂ ಗಟ್ಟಿಯಾಗಿ ಕೇಳಬೇಕಲ್ಲವೇ?

ಇದಕ್ಕೆ ಪ್ರತಿವಾದವಿದೆ, ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಕಸ ತೆಗೆಯಲು, ಶೌಚಾಲಯ ನಡೆಸಲು, ಜೀವರಕ್ಷಕರನ್ನು ನೇಮಿಸಲು ಹಣ ಬೇಕು. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದ ದುಃಖವನ್ನು ನಾವು ಮರೆತಿಲ್ಲ. ಅವರೂ ನಮ್ಮ ಮಕ್ಕಳಂತೆಯೇ ಬಯಲುಸೀಮೆಯ ಮಕ್ಕಳು. ಕಾವಲಿಲ್ಲದ ಉಚಿತ ತೀರ ಯಾರಿಗೂ ಉಪಕಾರಿಯಲ್ಲ. ಆದರೆ ಜೀವರಕ್ಷಣೆ ಸರ್ಕಾರದ ಕರ್ತವ್ಯ. ಆಸ್ಪತ್ರೆಗೆ, ಶಾಲೆಗೆ ಬೊಕ್ಕಸದಿಂದ ವ್ಯಯಿಸುವಂತೆ ಇದಕ್ಕೂ ವ್ಯಯಿಸಬೇಕು. ವಾಹನ ನಿಲ್ಲಿಸುವವನ ಚೀಟಿಯ ಮೇಲೆ ಅದನ್ನು ಅವಲಂಬಿಸುವಂತೆ ಮಾಡಬಾರದು.

ಆದ್ದರಿಂದ ನಮ್ಮ ಸಲಹೆಗಳು ಇಷ್ಟು. ಪ್ರತಿ ಬಂದರಿನಲ್ಲಿಯೂ ಜನರು ರೂಢಿಯಿಂದ ಬಳಸುತ್ತಿರುವ ತೆರೆದ ನೆಲವನ್ನು ಅಳೆದು ದಾಖಲೆಗೆ ಸೇರಿಸಬೇಕು. ವಿಸ್ತರಣೆಗಾಗಿ ಅದನ್ನು ಪಡೆಯಬೇಕಾದರೆ, ಅಷ್ಟೇ ನೆಲವನ್ನು ನಡೆದು ಹೋಗುವಷ್ಟು ಹತ್ತಿರದಲ್ಲಿ ಮೊದಲೇ ಒದಗಿಸಬೇಕು. ಮೀನುಗಾರರ, ಮೀನು ಮಾರುವ ಮಹಿಳೆಯರ, ಸೈಕಲ್ ಮತ್ತು ದ್ವಿಚಕ್ರ ವಾಹನಗಳವರ ನಿಲುಗಡೆ ಸದಾ ಉಚಿತವಾಗಿರಬೇಕು. ಲಾಭಕ್ಕಾಗಿ ಓಡುವ ಪ್ರವಾಸಿ ಬಸ್ಸುಗಳಿಂದ ಶುಲ್ಕ ಪಡೆಯುವುದಾದರೆ, ಅದರ ಲೆಕ್ಕವನ್ನು ಸ್ಥಳದಲ್ಲಿಯೇ ಫಲಕದ ಮೇಲೆ ಬರೆಯಬೇಕು.

ದೂರದ ಕಡಲಿನ ಚಿಂತೆ ನಮಗೇಕೆ ಎಂದು ಕೆಲವರು ಕೇಳಬಹುದು. ನಮ್ಮ ಹಿರಿಯರು ಊರ ಮುಂದೆ ಗುಂಡುತೋಪು ಬೆಳೆಸಿದ್ದು ದಾರಿಹೋಕನು ಗಾಡಿ ಬಿಟ್ಟು, ಎತ್ತಿಗೆ ನೀರು ಕುಡಿಸಿ, ನೆರಳಿನಲ್ಲಿ ಬುತ್ತಿ ಬಿಚ್ಚಲೆಂದು. ಅವನಿಂದ ಯಾರೂ ಕಾಸು ಕೇಳಲಿಲ್ಲ. ಇಂದು ಎಷ್ಟೋ ಊರುಗಳಲ್ಲಿ ಗುಂಡುತೋಪು ಒತ್ತುವರಿಯಾಗಿದೆ. ಕೆರೆಯ ಅಂಗಳಕ್ಕೂ ಅದೇ ಗತಿ. ಬಂದರಿನ ಬಯಲು ಕರಾವಳಿಯ ಗುಂಡುತೋಪು. ಸುಂದರವಾದ ಸ್ಥಳಗಳು ಖಾಸಗಿಯಾಗಿ ಸಾಮಾನ್ಯರಿಗೆ ಎಟುಕದಂತಾಗುವುದನ್ನು ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ‘ಲೌದಾತೊ ಸಿ’ ಪರಿಪತ್ರದಲ್ಲಿ ವಿಷಾದದಿಂದ ಗುರುತಿಸಿದ್ದರು. ಆ ಮಾತು ಕಡಲಿಗೆ ಸಲ್ಲುವಷ್ಟೇ ಕೆರೆಗೂ ಸಲ್ಲುತ್ತದೆ.

ಮುಂದಿನ ಬಾರಿ ಮಕ್ಕಳೊಂದಿಗೆ ಕಡಲ ದಡದಲ್ಲಿ ಇಳಿದಾಗ, ವಾಹನ ನಿಂತಿರುವ ಆ ನೆಲ ಯಾರದೆಂದು ಒಮ್ಮೆ ವಿಚಾರಿಸೋಣ. ಮನೆಗೆ ಮರಳಿದ ಮೇಲೆ ನಮ್ಮೂರ ಗುಂಡುತೋಪಿನ ಎಲ್ಲೆಯನ್ನೂ ಪಂಚಾಯಿತಿಯಲ್ಲಿ ವಿಚಾರಿಸೋಣ. ಕೇಳುವವರಿಲ್ಲದ ನೆಲ ಬಹುಕಾಲ ಎಲ್ಲರದಾಗಿ ಉಳಿಯುವುದಿಲ್ಲ.