ಕೊಂಡಿ ಸವೆದರೆ ಕಥೆ ಮುಗೀತು!

ಓದುಗ ದೋಸ್ತರೇ, ಈ ವಾರ ಸಿನಿಮಾ ಸುದ್ದಿಗೆ ಸ್ವಲ್ಪ ಬಿಡುವು. ಸಿನಿಮಾ ನೋಡಿ ಕೊರಳಿಗೆ, ಕೈಗೆ, ಬೆರಳಿಗೆ ಏನೇನೋ ಹಾಕ್ಕೊಂಡು ತಿರುಗ್ತೀವಲ್ಲ, ಅದರ ಸುದ್ದಿ ಇವತ್ತು. ವಿಷ್ಣುವರ್ಧನ್ ಕೈಯ ಕಡಗ ನೋಡಿ ತಾವೂ ಕಡಗ ಏರಿಸಿದವರು ನಮ್ಮ ಇಳಕಲ್ಲಿನಲ್ಲೇ ಎಷ್ಟು ಮಂದಿ! ಸಾಹಸಸಿಂಹ 2009ರಲ್ಲಿ ನಮ್ಮನ್ನು ಬಿಟ್ಟು ಹೋದರು. ಕಡಗ ಮಾತ್ರ ಅಭಿಮಾನಿಗಳ ಕೈಯಿಂದ ಇನ್ನೂ ಇಳಿದಿಲ್ಲ. 1972ರ ‘ಬಂಗಾರದ ಮನುಷ್ಯ’ ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದ ಹುಡುಗರಿದ್ದರಂತೆ. ನಾನೂ ಆ ಚಿತ್ರವನ್ನು ಹತ್ತು ಸಲ ನೋಡಿದವನೇ. ಆದರೆ ನಾನು ಬಿಟ್ಟದ್ದು ಪಿಯುಸಿ, ಮರಳಿದ್ದು ಚಹಾದ ಅಂಗಡಿಗೆ! ಇರಲಿ.

ನನ್ನ ಕಥೆ ಕೇಳಿ. ನಗುವವರು ಇಂಟರ್‌ವಲ್ ತನಕ ನಗಬಹುದು.

ಅಪ್ಪ ತೀರಿಕೊಂಡಾಗ ನನ್ನ ಪಾಲಿಗೆ ಬಂದದ್ದು ಒಂದೇ ಒಡವೆ. ಇಷ್ಟಲಿಂಗ ಇಡುವ ಬೆಳ್ಳಿ ಕರಡಿಗೆ. ನಮ್ಮ ಕಡೆ ಗುಂಡಗಡಗಿ ಅಂತೀವಿ. ಅಪ್ಪನ ಲಿಂಗ ಅಪ್ಪನ ಅಂಗೈಯಲ್ಲೇ ಮಣ್ಣಿಗೆ ಹೋಯಿತು, ಅದು ನಮ್ಮಲ್ಲಿ ಪದ್ಧತಿ. ಖಾಲಿ ಗುಂಡಗಡಗಿ ಅವ್ವನ ಕೈಗೆ ಬಂತು. ಅವಳು ಅದರೊಳಗೆ ನನ್ನ ಲಿಂಗ ಇಟ್ಟು, ಎರಡು ಬದಿಯ ಎರಡು ಕಿವಿಗೆ ಹೊಸ ಶಿವದಾರ ಕಟ್ಟಿ ನನ್ನ ಕೊರಳಿಗೆ ಹಾಕಿದಳು. “ವರ್ಷಕ್ಕೊಮ್ಮೆ ದಾರ ಬದಲ ಮಾಡ್ಬೇಕಪಾ” ಅಂದಳು. ನಾನು ಹ್ಞೂಂ ಅಂದೆ.

ಆದರೆ ಸ್ವಾಮಿ, ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ ನಡೆಯೋ ಹೀರೋಗೆ ದಾರ ಒಪ್ಪುತ್ತದೆಯೇ? ಪೋಸ್ಟರಿನಲ್ಲಿ ನೋಡಿದಂಥದ್ದೇ ಒಂದು ಸ್ಟೀಲ್ ಸರ ಕೊಂಡೆ. ದಾರ ಬಿಚ್ಚಿ ಎಸೆದೆ. ಸರದ ಎರಡು ತುದಿಯನ್ನು ಎರಡು ಕಿವಿಗೆ ಸಿಕ್ಕಿಸಿದೆ. ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಂಡೆ. ಅವ್ವ ನೋಡಿದಳು, ಏನೂ ಅನ್ನಲಿಲ್ಲ.

ಹೋದ ವರ್ಷ ಸಂಕ್ರಾಂತಿಗೆ ನಾಲ್ಕು ಮಂದಿ ದೋಸ್ತರು ಕೂಡಿ ಕೂಡಲಸಂಗಮಕ್ಕೆ ಹೋದೆವು. ಎಳ್ಳು ಹಚ್ಚಿಕೊಂಡು ಹೊಳಿ ಜಳಕ ಮಾಡಿ, ದಂಡೆ ಮೇಲೆ ಕೂತು ಸಜ್ಜಿ ರೊಟ್ಟಿ ತಿಂದು ಬರೋದು ನಮ್ಮ ಕಡೆ ರಿವಾಜು. ಕೃಷ್ಣೆ, ಮಲಪ್ರಭೆ ಕೂಡುವ ಜಾಗ. ಕೆಳಗೆ ನಾರಾಯಣಪುರದ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಇಲ್ಲಿಯವರೆಗೂ ನಿಲ್ಲುತ್ತದೆ. ಬಸವಣ್ಣನವರ ಐಕ್ಯಮಂಟಪಕ್ಕೆ ನೀರು ನುಗ್ಗದ ಹಾಗೆ ಸುತ್ತಲೂ ಬಾವಿಯಂಥ ದುಂಡನೆ ಗೋಡೆ ಎಬ್ಬಿಸಿದ್ದಾರೆ. ಸೇತುವೆ ದಾಟಿ, ಮೆಟ್ಟಿಲಿಳಿದು ಹೋಗಿ ದರ್ಶನ ಮಾಡಬೇಕು. ಮೊದಲು ಜಳಕ, ಆಮೇಲೆ ದರ್ಶನ ಅಂತ ನೀರಿಗೆ ಇಳಿದೆವು.

ಸೊಂಟಮಟ್ಟದ ನೀರು. ಮೂರು ಮುಳುಗು ಹಾಕಿ ಎದ್ದೆ. ಕೊರಳು ಹಗುರ ಅನಿಸಿತು. ಕೈ ಹಾಕಿ ನೋಡಿದರೆ ಸರವೂ ಇಲ್ಲ, ಗುಂಡಗಡಗಿಯೂ ಇಲ್ಲ!

ಒಳಗೆ ಲಿಂಗ. ಅದು ಇದ್ದದ್ದು ಅಪ್ಪನ ಗುಂಡಗಡಗಿಯಲ್ಲಿ. ಆ ಹೊತ್ತಿನ ನನ್ನ ಮುಖ ನೋಡಿದ್ದರೆ ಯಾವ ನಿರ್ದೇಶಕನೂ ರೀಟೇಕ್ ಕೇಳುತ್ತಿರಲಿಲ್ಲ. ದೋಸ್ತರು ಸುತ್ತ ನಿಂತು ಬೇರೆಯವರು ನೀರು ಕದಡದಂತೆ ತಡೆದರು. ನಾನು ಮುಳುಗಿ ಮುಳುಗಿ ಕೆಸರು ಬಾಚಿದೆ. ಅರ್ಧ ಗಂಟೆಯಾಯಿತು. ಕಡೆಗೆ ತೆಪ್ಪದ ಹುಡುಗನೊಬ್ಬ ಬಂದು, “ಅಣ್ಣಾ, ಕೈಯಿಂದ ಸಿಗೂದಿಲ್ಲ, ನೀವೆಲ್ಲಾ ಸರೀರಿ” ಅಂದ. ಕಾಲಲ್ಲಿ ಮೆಲ್ಲಗೆ ತಡವುತ್ತಾ ಹೋದ. ಹೆಬ್ಬೆರಳಿಗೆ ಸರ ಸಿಕ್ಕಿತು. ಎತ್ತಿದರೆ ಇನ್ನೊಂದು ತುದಿಯಲ್ಲಿ ಒಂದೇ ಕಿವಿಯಿಂದ ಗುಂಡಗಡಗಿ ಜೋತಾಡುತ್ತಿತ್ತು. ಮತ್ತೊಂದು ಕಿವಿ ಹರಿದಿತ್ತು. ಹುಡುಗ ದುಡ್ಡು ಮುಟ್ಟಲಿಲ್ಲ. ರೊಟ್ಟಿ ಕೊಟ್ಟೆವು, ತಿಂದ.

ಅವ್ವನಿಗೆ ಹೇಳದೆ ಮರುದಿನವೇ ಪತ್ತಾರ ಕಾಕಾನ ಅಂಗಡಿಗೆ ಓಡಿದೆ. ಕಾಕಾ ಕಣ್ಣಿಗೆ ಭೂತಗನ್ನಡಿ ಏರಿಸಿ ನೋಡಿದ.

“ಇದನ್ನ ಯಾರು ಗರಗಸ ಹಚ್ಚಿ ಕೊರದಾರೋ ತಮ್ಮಾ?”

“ಯಾರೂ ಇಲ್ಲ ಕಾಕಾ, ನನ್ನ ಕೊಳ್ಳಾಗೇ ಇತ್ತು.”

“ಹಂಗಾರ ನೀನ ಕೊಳ್ಳಾಗ ಗರಗಸ ಇಟ್ಕೊಂಡಿದ್ದಿ. ಬೆಳ್ಳಿ ಮೆತ್ತಗ, ಸ್ಟೀಲ್ ಗಟ್ಟಿ. ನಡದಾಗೊಮ್ಮೆ, ಹೊಳ್ಳಿದಾಗೊಮ್ಮೆ ತೀಡಿ ತೀಡಿ ತಿಂದೈತಿ. ದಾರ ಇದ್ರ ದಾರ ಸವೀತಿತ್ತು, ಬೆಳ್ಳಿ ಉಳೀತಿತ್ತು. ಹಿರ್ಯಾರು ಹುಚ್ಚರಲ್ಲ.”

ಆಮೇಲೆ ಉಳಿದ ಕಿವಿಯ ಒಳಬದಿ ತೋರಿಸಿದ. ಎರಡು ಹಳೆಯ ಬೆಸುಗೆ ಗುರುತು.

“ಇವು ನನ್ನ ಕೈಯಾಗಿನವು. ನಿಮ್ಮಪ್ಪ ವರ್ಷಾ ಸಂಕ್ರಾಂತಿಗೆ ಎಂಟ ದಿನ ಮೊದ್ಲ ಬರ್ತಿದ್ದ. ಬಾಳ ಸಲ ಏನೂ ಆಗಿರ್ತಿರಲಿಲ್ಲ. ಆದ್ರೂ ‘ಕಿವಿ ನೋಡು ಪತ್ತಾರ’ ಅಂತಿದ್ದ. ನೋಡಿ ಕೊಡ್ತಿದ್ದೆ. ಚಾ ಕುಡದು ಹೋಗ್ತಿದ್ದ.”

ದೋಸ್ತರೇ, ಇಲ್ಲಿ ಹಿನ್ನೆಲೆ ಸಂಗೀತ ಇರಲಿಲ್ಲ. ಪಕ್ಕದ ಮನೆಯ ಮಗ್ಗದ ಸದ್ದು ಮಾತ್ರ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಇದ್ದವನು ನಾನು, ಅಪ್ಪ ಇಲ್ಲಿಗೆ ಬರುತ್ತಿದ್ದದ್ದೇ ನನಗೆ ಗೊತ್ತಿರಲಿಲ್ಲ.

ಇಂಟರ್‌ವಲ್ ಮುಗಿಯಿತು. ಈಗ ಕಾಕಾ ಹೇಳಿದ್ದರಲ್ಲಿ ನಿಮಗೆ ಬೇಕಾದದ್ದು ಇಷ್ಟು.

ಒಂದು, ಸರ ನಡುವೆ ಹರಿಯೋದು ಕಡಿಮೆ. ಸವೆಯೋದು ಕೊಂಡಿ ಮತ್ತು ಪದಕ ತೂಗುವ ಕಿವಿ. ತಿಂಗಳಿಗೊಮ್ಮೆ ಟವೆಲ್ ಹಾಸಿ, ಅದರ ಮೇಲೆ ಹಿಡಿದು ಮೆಲ್ಲಗೆ ಎಳೆದು ನೋಡಿ. ಕಿವಿ ತೆಳ್ಳಗಾಗಿದ್ದರೆ ಆವತ್ತೇ ಪತ್ತಾರನ ಹತ್ತಿರ ಹೋಗಿ. ಬೆಸುಗೆ ಅಗ್ಗ, ಹೊಸದು ದುಬಾರಿ. ದಾರವಾದರೆ ಪ್ರತಿಸಲ ಒದ್ದೆಯಾದಾಗಲೂ ಒಣಗಿಸಿ, ನಾರು ಎದ್ದರೆ ಬದಲಿಸಿ.

ಎರಡು, 22 ಕ್ಯಾರೆಟ್ ಅಂದರೆ ಸಾವಿರಕ್ಕೆ 916 ಪಾಲು ಬಂಗಾರ. ಗಟ್ಟಿಯಾಗಲೆಂದೇ ಉಳಿದ ಪಾಲು ತಾಮ್ರ, ಬೆಳ್ಳಿ ಬೆರೆಸುತ್ತಾರೆ. ಆದರೂ ಹೊಳೆಯ ಮರಳು ಅದಕ್ಕಿಂತ ಬಹಳ ಗಟ್ಟಿ. ದಂಡೆಯಲ್ಲಿ ಕೂತು ಮರಳು ಹಾಕಿ ಉಂಗುರ ತಿಕ್ಕಿದರೆ ಹೊಳೆಗೆ ಹೋಗೋದು ಕೊಳೆ ಮಾತ್ರ ಅಲ್ಲ, ಬಂಗಾರ! ಟೂತ್‌ಪೇಸ್ಟ್ ಕೂಡ ಇದೇ ಕೆಲಸ ಮಾಡುತ್ತದೆ, ಮೆಲ್ಲಗೆ.

ಮೂರು, ಬೆಳ್ಳಿ ಕಪ್ಪಾದರೆ ಮೈಯಲ್ಲಿ ದೋಷ, ಯಾರದೋ ದೃಷ್ಟಿ ಅಂತ ಹೆದರಬೇಡಿ. ಗಾಳಿ, ಬೆವರಿನಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ತಾಗಿ ಕಪ್ಪು ಪೊರೆ ಕಟ್ಟುತ್ತದೆ, ಅಷ್ಟೇ. ಅಂಟವಾಳಕಾಯಿ ನೊರೆ, ಉಗುರುಬೆಚ್ಚನೆ ನೀರು, ಮೆತ್ತನೆ ಬ್ರಷ್ ಸಾಕು. ಒರೆಸಿ ಒಣಗಿಸಿ, ನುಣ್ಣನೆ ವಿಭೂತಿ ಪುಡಿ ಬಟ್ಟೆಯಲ್ಲಿ ಹಿಡಿದು ಸವರಿ. ಆಸಿಡ್ ಕಡೆ ಹೋಗಲೇಬೇಡಿ.

ನಾಲ್ಕು, ಅವ್ವ, ಅಕ್ಕಂದಿರ ತಾಳಿಸರದ ಗುಂಡಿನ ಒಳಗೆ ಎಷ್ಟೋ ಸಲ ಅರಗು ತುಂಬಿರುತ್ತದೆ. ಸಹಾಯ ಮಾಡ್ತೀನಿ ಅಂತ ಕುದಿಯೋ ನೀರಿಗೆ ಹಾಕಿದರೆ ಅರಗು ಕರಗಿ ಗುಂಡು ತಗ್ಗು ಬೀಳುತ್ತದೆ. ಆಮೇಲೆ ಮನೆಯಲ್ಲಿ ನಡೆಯೋ ಫೈಟಿಂಗಿಗೆ ನಾನು ಜವಾಬ್ದಾರನಲ್ಲ!

ಐದು, ‘ಒಂದು ಗ್ರಾಂ ಗೋಲ್ಡ್’ ಸರದ ಮೇಲಿರೋದು ಬಂಗಾರದ ತೆಳು ಲೇಪ. ತಿಕ್ಕಿದಷ್ಟೂ ಬಣ್ಣ ಬಯಲು. ಸೆಂಟು ಹೊಡೆದುಕೊಂಡು ಆರಿದ ಮೇಲೆ ಹಾಕ್ಕೊಳ್ಳಿ, ರಾತ್ರಿ ಒರೆಸಿ ಇಡಿ. ಇನ್ನು ಬೈಕಿನ ಚೈನು, ಪಂಪ್‌ಸೆಟ್, ಮಗ್ಗ ಮುಟ್ಟುವ ಮುಂಚೆ ಉಂಗುರ ತೆಗೆದು ಕಿಸೆಗೆ ಹಾಕಿ. ಉಂಗುರ ಸಿಕ್ಕಿಕೊಂಡರೆ ಬೆರಳೂ ಅದರ ಜೊತೆ ಹೋದೀತು.

ಅವ್ವನಿಂದ ಮುಚ್ಚಿಟ್ಟದ್ದು ಎರಡೇ ದಿನ. ಹೊಸ ಕಿವಿ ಫಳಫಳ, ಹಳೆಯದು ಮಂಕು, ತಿಳಿಯದೇ ಇರುತ್ತದೆಯೇ? ಅವಳು ಮಗ್ಗದ ಮುಂದೆ ಕೂತು, ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುತ್ತಿದ್ದಳು. ಕೈ ನಿಲ್ಲಿಸದೆಯೇ ಅಂದಳು: “ಸೀರಿ ಎಷ್ಟ ಚೆಂದ ಇದ್ರೂ ಸೆರಗು ನಿಂತಿರೂದು ಕೊಂಡಿ ಮ್ಯಾಲೆ. ಗೂಟಕ್ಕ ಹೊಸಾ ದಾರ ತೂಗಹಾಕೀನಿ, ತಗೋ.” ಬೈಗುಳ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಈ ವರ್ಷ ಸಂಕ್ರಾಂತಿಗೆ ಎಂಟು ದಿನ ಮೊದಲು ಪತ್ತಾರ ಕಾಕಾನ ಅಂಗಡಿ ಮೆಟ್ಟಿಲು ಹತ್ತಿದೆ. “ಕಿವಿ ನೋಡು ಕಾಕಾ” ಅಂದೆ. ಕಾಕಾ ತಲೆ ಎತ್ತಿ ನನ್ನನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಭೂತಗನ್ನಡಿ ಏರಿಸಿ ಕಿವಿ ನೋಡಿದ. “ಏನೂ ಆಗಿಲ್ಲ” ಅಂದ. ಚಾ ತರಿಸಿದ. ಕುಡಿದು ಬಂದೆ.

ಸರಿ, ದೋಸ್ತರೇ. ಪತ್ರಿಕೆ ಮಡಚಿಟ್ಟು ಕೊರಳಿಗೆ ಒಮ್ಮೆ ಕೈ ಹಾಕಿ, ಕೊಂಡಿ ನೋಡಿಕೊಳ್ಳಿ. ನಿಮ್ಮ ಬಸ್ಸು ಬರೋಕೆ ಹೇಗೂ ಇನ್ನೂ ಹೊತ್ತಿದೆ! ಮುಂದಿನ ವಾರ ಮತ್ತೆ ಸಿನಿಮಾ.