ಫಾರ್ಮ್ಯಾಟ್ ಮಾಡಿದರೆ ಕಂಪ್ಯೂಟರ್‌ನ ಎಲ್ಲ ಕಾಯಿಲೆಯೂ ವಾಸಿಯಾಗುತ್ತದೆಯೇ?

ಕಂಪ್ಯೂಟರ್ ಶುರುವಾಗಲು ಹತ್ತು ನಿಮಿಷ ಬೇಕು. ಫೈಲ್ ತೆರೆಯಲು ಹೋದರೆ ಹ್ಯಾಂಗ್ ಆಗುತ್ತದೆ. ಆಗಾಗ ನೀಲಿ ಪರದೆ ಬಂದು ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಯಾರನ್ನು ಕೇಳಿದರೂ ಒಂದೇ ಉತ್ತರ: "ಒಂದ್ಸಲ ಫಾರ್ಮ್ಯಾಟ್ ಮಾಡಿಸಿಬಿಡಿ, ಸರಿಹೋಗುತ್ತೆ." ಎಷ್ಟೋ ಸಲ ಸರಿಹೋಗುವುದೂ ಉಂಟು. ಆದರೆ ಇದೇ ಮದ್ದನ್ನು ತಪ್ಪು ಕಾಯಿಲೆಗೆ ಕೊಟ್ಟರೆ ಮನೆಯವರ ಹಳೆಯ ಫೋಟೋಗಳಿಂದ ಹಿಡಿದು ಅಂಗಡಿಯ ಲೆಕ್ಕದವರೆಗೆ ಎಲ್ಲವೂ ಕೈತಪ್ಪಬಹುದು.

ವಿಂಡೋಸ್ ಎನ್ನುವುದು ಡಿಸ್ಕ್ ಮೇಲೆ ಬರೆದಿಟ್ಟ ತಂತ್ರಾಂಶ ಅಷ್ಟೆ. ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ಅದರ ಫೈಲ್‌ಗಳು ಕೆಟ್ಟಿದ್ದರೆ, ವೈರಸ್ ಹೊಕ್ಕಿದ್ದರೆ, ಸರಿಯಿಲ್ಲದ ಡ್ರೈವರ್ ಕೂತಿದ್ದರೆ ಮತ್ತೆ ಬರೆದಾಗ ತೊಂದರೆ ನೀಗುತ್ತದೆ. ರ‍್ಯಾಮ್ ಕೆಟ್ಟಿದ್ದರೆ, ಫ್ಯಾನ್‌ಗೆ ದೂಳು ಕಟ್ಟಿ ಪ್ರೊಸೆಸರ್ ಕಾಯುತ್ತಿದ್ದರೆ ಅಥವಾ ಡಿಸ್ಕೇ ಸಾಯುತ್ತಿದ್ದರೆ ಹೊಸ ವಿಂಡೋಸ್ ಏನೂ ಮಾಡಲಾರದು.

ಹಾಗಾದರೆ ಕೆಟ್ಟ ಡಿಸ್ಕ್ ಇರುವ ಕಂಪ್ಯೂಟರ್ ಕೂಡ ಫಾರ್ಮ್ಯಾಟ್ ಆದಮೇಲೆ ಕೆಲವು ದಿನ ಚೆನ್ನಾಗಿ ಓಡುವುದೇಕೆ? ಹಾರ್ಡ್ ಡಿಸ್ಕ್ ಮಾಹಿತಿಯನ್ನು ಸೆಕ್ಟರ್ ಎಂಬ ಸಣ್ಣ ತುಂಡುಗಳಲ್ಲಿ ಇಡುತ್ತದೆ. ಓದಲಾಗದ ಸೆಕ್ಟರ್ ಎದುರಾದಾಗ ಅದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಮಗೆ ಕಾಣುವ 'ಹ್ಯಾಂಗ್' ಎಷ್ಟೋ ಸಲ ಇದೇ. ಅದೇ ಜಾಗಕ್ಕೆ ಹೊಸದಾಗಿ ಬರೆಯಲು ಹೋದರೆ, ಕೆಟ್ಟ ಸೆಕ್ಟರನ್ನು ಬಿಟ್ಟು ಮೀಸಲು ಜಾಗದಲ್ಲಿ ಬರೆದುಕೊಳ್ಳುತ್ತದೆ. ಹೀಗಾಗಿ ಕಾಯಿಲೆ ವಾಸಿಯಾದಂತೆ ಕಾಣುತ್ತದೆ. ಕೆಲವೇ ವಾರಗಳಲ್ಲಿ ಬೇರೆ ಸೆಕ್ಟರ್‌ಗಳು ಕೆಡಬಹುದು. ಮತ್ತೆ ಫಾರ್ಮ್ಯಾಟ್, ಮತ್ತೆ ಖರ್ಚು.

ಡಿಸ್ಕ್ ತನ್ನ ಆರೋಗ್ಯದ ದಾಖಲೆಯನ್ನು ತಾನೇ ಇಟ್ಟುಕೊಂಡಿರುತ್ತದೆ. ಇದಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ನೋಡಬಹುದು. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಗೂಗಲ್ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೈಕೊಡುವ ಸಾಧ್ಯತೆ ಇತರ ಡಿಸ್ಕ್‌ಗಳಿಗಿಂತ 39 ಪಟ್ಟು ಹೆಚ್ಚು. ಅದೇ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕ್‌ಗಳ ಪೈಕಿ ಶೇ. 36ಕ್ಕೂ ಹೆಚ್ಚಿನವು ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ಎಂದರೆ ಸ್ಮಾರ್ಟ್ 'ಕೆಟ್ಟಿದೆ' ಎಂದರೆ ನಂಬಿ, 'ಚೆನ್ನಾಗಿದೆ' ಎಂದರೆ ಪೂರ್ತಿ ನಂಬಬೇಡಿ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಉಬುಂಟುವಿನಂಥ ಲಿನಕ್ಸನ್ನು ಪೆನ್ ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅಲ್ಲಿಂದಲೇ ಕಂಪ್ಯೂಟರ್ ಓಡಿಸಿ. ಅದರಲ್ಲೂ ನಡುವೆ ನಿಂತುಹೋದರೆ ವಿಂಡೋಸ್ ಮೇಲೆ ಗೂಬೆ ಕೂರಿಸುವಂತಿಲ್ಲ, ರ‍್ಯಾಮ್ ಅಥವಾ ಬಿಸಿಯ ಕಡೆ ನೋಡಬೇಕು. ಸಲೀಸಾಗಿ ಓಡಿದರೆ ಅನುಮಾನ ಡಿಸ್ಕ್ ಅಥವಾ ವಿಂಡೋಸ್ ಮೇಲೆ. ಆಗ ರಿಪೇರಿಗೆ ಕೈಹಾಕುವ ಮೊದಲು ಅಲ್ಲಿಂದಲೇ ಬೇಕಾದ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಬಿಟ್‌ಲಾಕರ್ ಬೀಗ ಇರುವ ಲ್ಯಾಪ್‌ಟಾಪ್ ಆದರೆ 48 ಅಂಕಿಗಳ ಕೀಲಿ ಬೇಕಾಗುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ.

"ನಂದೆಲ್ಲ ಡಿ ಡ್ರೈವ್‌ನಲ್ಲಿದೆ, ಭಯ ಇಲ್ಲ" ಎನ್ನುವವರು ಬಹಳ. ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕ್‌ನ ಎರಡು ಪಾಲು, ಒಂದೇ ಮನೆಯ ಎರಡು ಕೋಣೆಗಳಿದ್ದಂತೆ. ಸಿ ಮಾತ್ರ ಅಳಿಸಿದರೆ ಡಿ ಉಳಿಯುತ್ತದೆ, ಸರಿ. ಡಿಸ್ಕ್ ಸತ್ತರೆ ಎರಡೂ ಹೋಗುತ್ತವೆ. ಇನ್‌ಸ್ಟಾಲ್ ಮಾಡುವವರು ಅವಸರದಲ್ಲಿ ಪಾಲುಗಳನ್ನೆಲ್ಲ ಅಳಿಸಿದರೂ ಅದೇ ಗತಿ. ಅಂದಹಾಗೆ, ಡೆಸ್ಕ್‌ಟಾಪ್ ಮೇಲಿಟ್ಟ ಫೈಲ್‌ಗಳು ಇರುವುದು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ.

ಇಷ್ಟೆಲ್ಲ ನೋಡಿದ ಮೇಲೂ ತಪ್ಪು ವಿಂಡೋಸ್‌ನದ್ದೇ ಎನಿಸಿದರೆ ಧೈರ್ಯವಾಗಿ ಹೊಸದಾಗಿ ಹಾಕಿ. 8 ಜಿಬಿ ಪೆನ್ ಡ್ರೈವ್ ಸಾಕು. ಆಮೇಲೆ ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಕಡತಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಂಡರೆ ಗಾಬರಿಯಾಗಬೇಡಿ. ಅವು ಕೆಟ್ಟಿಲ್ಲ. ಆ ಫಾಂಟ್‌ಗಳು ಯೂನಿಕೋಡ್ ಅಲ್ಲದ ಕಾರಣ ವಿಂಡೋಸ್ ಜೊತೆಗೆ ಬರುವುದಿಲ್ಲ. ನುಡಿಯನ್ನು ಮತ್ತೆ ಹಾಕಿಕೊಂಡರೆ ಕನ್ನಡ ಮರಳಿ ಕಾಣುತ್ತದೆ.