ರಸ್ತೆ ಬದಿಯ ರಾಜಿ

ಅಪಘಾತವಾದ ಸ್ಥಳದಲ್ಲಿ ಒಂದು ಮಾತು ಬಲು ಬೇಗ ಹುಟ್ಟಿಕೊಳ್ಳುತ್ತದೆ. 'ಆದದ್ದು ಆಗಿಹೋಯಿತು, ಠಾಣೆ, ಕೋರ್ಟು ಎಂದು ಅಲೆಯುವುದೇಕೆ? ಔಷಧದ ಖರ್ಚು ಇಸಿದುಕೊಂಡು ಮುಗಿಸಿಬಿಡೋಣ' ಎಂಬುದೇ ಆ ಮಾತು. ನಾಲ್ವರು ಹಿರಿಯರು ಸೇರುತ್ತಾರೆ. ಕಾರಿನವರು ಐದೋ ಹತ್ತೋ ಸಾವಿರ ಕೊಡುತ್ತಾರೆ. ಕಾಗದದ ಮೇಲೆ ರುಜು ಬೀಳುತ್ತದೆ. ಇದನ್ನು ನಾವು ಸಜ್ಜನಿಕೆಯೆಂದೇ ಭಾವಿಸುತ್ತ ಬಂದಿದ್ದೇವೆ. ಆದರೆ ಮುರಿದ ಕಾಲು ಸರಿಯಾಗಿ ಕೂಡಿಕೊಳ್ಳುವುದೋ ಇಲ್ಲವೋ, ಆ ಕಾಲಿನ ಬಲದಿಂದ ಮುಂದೆ ಹೊಲದ ಕೆಲಸ ಸಾಗುವುದೋ ಇಲ್ಲವೋ ಎಂಬುದು ಆ ದಿನ ವೈದ್ಯರಿಗೂ ತಿಳಿದಿರುವುದಿಲ್ಲ. ಅರಿಯದ ನಷ್ಟಕ್ಕೆ ಅವಸರದಲ್ಲಿ ಬೆಲೆ ಕಟ್ಟುವುದು ಗಾಯಾಳುವಿಗೂ ಆತನನ್ನು ನಂಬಿದ ಮನೆಮಂದಿಗೂ ಬಗೆಯುವ ಅನ್ಯಾಯವೇ ಸರಿ.

'ಪರರ ಹಣಕ್ಕೆ ಕೈಚಾಚಬಾರದು, ಕಾರಿನವರೂ ನಮ್ಮಂಥವರೇ' ಎಂಬ ಸಂಕೋಚ ಅನೇಕರನ್ನು ಹಿಂದೆಗೆಯುವಂತೆ ಮಾಡುತ್ತದೆ. ಈ ಸಂಕೋಚಕ್ಕೆ ಕಾನೂನೇ ಉತ್ತರ ನೀಡಿದೆ. 1988ರ ಮೋಟಾರು ವಾಹನ ಕಾಯಿದೆಯ 146ನೆಯ ಕಲಮು, ರಸ್ತೆಗಿಳಿಯುವ ವಾಹನಕ್ಕೆ ಮೂರನೆಯವರ ಪರವಾದ ವಿಮೆ ಇರಲೇಬೇಕೆಂದು ವಿಧಿಸಿದೆ. ಅಪಘಾತದ ಭಾರ ಒಬ್ಬ ಮಾಲೀಕನ ಮನೆಯನ್ನೂ ಮುಳುಗಿಸಬಾರದು, ಗಾಯಾಳುವಿನ ಮನೆಯನ್ನೂ ಮುಳುಗಿಸಬಾರದು ಎಂಬುದೇ ಇದರ ಆಶಯ. ಆದುದರಿಂದ ಪರಿಹಾರವನ್ನು ಕೇಳುವುದು ದುರಾಸೆಯೂ ಅಲ್ಲ, ಹಗೆತನವೂ ಅಲ್ಲ. ಅದು ಗಾಯಾಳುವಿನ ಹಕ್ಕು.

ಹಾಗಾದರೆ ಪರಿಹಾರವೆಂದರೆ ಆಸ್ಪತ್ರೆಯ ಬಿಲ್ಲು ಮಾತ್ರವೇ? ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಎಂಬ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಇದನ್ನು ವಿಶದಪಡಿಸಿತು. ಚಿಕಿತ್ಸೆ, ಪ್ರಯಾಣ, ಪೌಷ್ಟಿಕ ಆಹಾರಗಳ ವೆಚ್ಚ, ಮಲಗಿದ್ದ ದಿನಗಳ ಗಳಿಕೆ, ಮುಂದಿನ ಗಳಿಕೆಯ ನಷ್ಟ, ಮುಂದೆ ಬೇಕಾಗುವ ಚಿಕಿತ್ಸೆ, ಅನುಭವಿಸಿದ ನೋವು ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ದೇಹಕ್ಕೆ ಎಷ್ಟು ಊನವಾಗಿದೆ ಎಂಬುದಕ್ಕಿಂತ, ಆ ಊನದಿಂದ ಆತನ ಕಾಯಕಕ್ಕೆ ಎಷ್ಟು ಕುಂದಾಯಿತು ಎಂಬುದನ್ನು ನೋಡಬೇಕೆಂದೂ ಅದು ಹೇಳಿತು. ಎಡಗೈ ಕಳೆದುಕೊಂಡ ಬಡಗಿಯ ಗಳಿಕೆ ಪೂರ್ತಿಯಾಗಿ ನಿಂತೀತು. ಸರ್ಕಾರಿ ಕಚೇರಿಯ ಗುಮಾಸ್ತನ ನೌಕರಿ ಉಳಿದೀತು. ಗಾಯ ಒಂದೇ ಆದರೂ ನಷ್ಟ ಬೇರೆ ಬೇರೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮೂವತ್ತೆಂಟು ವರ್ಷದ ದರ್ಜಿಯೊಬ್ಬನ ತಿಂಗಳ ಗಳಿಕೆ 15,000 ರೂಪಾಯಿ. ವರ್ಷಕ್ಕೆ 1,80,000 ಆಯಿತು. ಸ್ವಂತ ದುಡಿಮೆಯವನಾಗಿ ನಲವತ್ತರೊಳಗಿನವನಾದುದರಿಂದ ಮುಂದಿನ ಏಳಿಗೆಯ ಲೆಕ್ಕದಲ್ಲಿ ಶೇಕಡಾ 40 ಕೂಡಿಸಿದರೆ 2,52,000. ದುಡಿಯುವ ಶಕ್ತಿ ಶೇಕಡಾ 40ರಷ್ಟು ಕುಂದಿದೆಯೆಂದು ಸಾಬೀತಾದರೆ ವರ್ಷದ ನಷ್ಟ 1,00,800. ಸರಳಾ ವರ್ಮಾ ಪ್ರಕರಣದ 2009ರ ತೀರ್ಪಿನಂತೆ ಈ ವಯಸ್ಸಿಗೆ ಗುಣಕ 15. ಅಲ್ಲಿಗೆ ಗಳಿಕೆಯ ನಷ್ಟವೊಂದೇ 15,12,000 ರೂಪಾಯಿ. ಹತ್ತು ಸಾವಿರಕ್ಕೆ ರುಜು ಹಾಕುವ ಮುನ್ನ ಈ ಲೆಕ್ಕವನ್ನೊಮ್ಮೆ ನೆನೆಯಬೇಡವೇ?

ಮನೆವಾರ್ತೆ ನೋಡಿಕೊಳ್ಳುವ ತಾಯಂದಿರು ಗಾಯಗೊಂಡಾಗ 'ಸಂಬಳವಿಲ್ಲವಲ್ಲ, ನಷ್ಟವೇನು' ಎನ್ನುವವರಿದ್ದಾರೆ. ಗೃಹಿಣಿಯ ದುಡಿಮೆಗೂ ಬೆಲೆಯಿದೆ, ಅದನ್ನು ಆದಾಯವೆಂದೇ ಅಂದಾಜಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು ಕೀರ್ತಿ ಪ್ರಕರಣದಲ್ಲಿ 2021ರಲ್ಲಿ ಒತ್ತಿ ಹೇಳಿದೆ.

ಇನ್ನು ಮಾಡಬೇಕಾದ ಕೆಲಸಗಳು. ಮೊದಲು ಗಾಯಾಳುವಿಗೆ ಚಿಕಿತ್ಸೆ. 2025ರ ಮೇ ತಿಂಗಳಿನಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ, 1,50,000 ರೂಪಾಯಿಯ ಮಿತಿಯಲ್ಲಿ, ಹಣ ಕಟ್ಟದೆ ಚಿಕಿತ್ಸೆ ಪಡೆಯಲು ಅವಕಾಶವಿದೆ. ಗಾಯಾಳುವನ್ನು ಸದುದ್ದೇಶದಿಂದ ಆಸ್ಪತ್ರೆಗೆ ಸೇರಿಸಿದವರಿಗೆ ಕಾಯಿದೆಯ 134ಎ ಕಲಮು ರಕ್ಷಣೆ ನೀಡಿರುವುದರಿಂದ ನೆರವಾಗಲು ಯಾರೂ ಅಂಜಬೇಕಾಗಿಲ್ಲ. ಆನಂತರ ಪೊಲೀಸರಿಗೆ ದೂರು ಕೊಟ್ಟು ಎಫ್.ಐ.ಆರ್. ಪ್ರತಿಯನ್ನು ಪಡೆಯಬೇಕು. ಚಿಕಿತ್ಸೆಯ ಗಡಿಬಿಡಿಯಲ್ಲಿ ದೂರು ತಡವಾದರೆ ಅದೊಂದೇ ಕಾರಣದಿಂದ ಹಕ್ಕು ಕಳೆದುಹೋಗುವುದಿಲ್ಲ. ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ, ಔಷಧದ ಒಂದೊಂದು ರಸೀದಿ, ಗಳಿಕೆಯ ದಾಖಲೆ ಇವನ್ನೆಲ್ಲ ಒಂದು ಚೀಲದಲ್ಲಿ ಜೋಪಾನವಾಗಿಡಬೇಕು. ಊನದ ಪ್ರಮಾಣವನ್ನು ಚಿಕಿತ್ಸೆ ನೀಡಿದ ವೈದ್ಯರ ಸಾಕ್ಷ್ಯವೇ ಗಟ್ಟಿಗೊಳಿಸುತ್ತದೆ.

ಅರ್ಜಿಯನ್ನು ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಗೆ, ಕಲಮು 166ರ ಅಡಿಯಲ್ಲಿ ಸಲ್ಲಿಸಬೇಕು. ಅಪಘಾತವಾದ ಊರಿಗೇ ಅಲೆಯಬೇಕಾಗಿಲ್ಲ. ಗಾಯಾಳು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿಯೂ ಸಲ್ಲಿಸಬಹುದು. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ ಇದಕ್ಕೆ ಆರು ತಿಂಗಳ ಗಡುವು ಹಾಕಿದೆ. ಆ ಗಡುವು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾಗಿದ್ದರೂ ಅದನ್ನೇ ನೆಚ್ಚಿ ಕೂರದೆ ಆರು ತಿಂಗಳೊಳಗೆ ಅರ್ಜಿ ಹಾಕುವುದೇ ಕ್ಷೇಮ. ತಪ್ಪು ಯಾರದೆಂದು ಸಾಬೀತುಪಡಿಸದೆಯೇ ತೀವ್ರ ಗಾಯಕ್ಕೆ 2,50,000 ರೂಪಾಯಿ ಪಡೆಯುವ ದಾರಿಯೊಂದು ಕಲಮು 164ರಲ್ಲಿದೆ; ಆದರೆ ಅದನ್ನು ಸ್ವೀಕರಿಸಿದರೆ ಹೆಚ್ಚಿನ ಪರಿಹಾರದ ಅರ್ಜಿ ನಿಲ್ಲುವುದಿಲ್ಲವಾದ್ದರಿಂದ ಯೋಚಿಸಿ ಒಪ್ಪಬೇಕು. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದೆ ಹೋದರೂ ತೀವ್ರ ಗಾಯಕ್ಕೆ 50,000, ಮರಣಕ್ಕೆ 2,00,000 ರೂಪಾಯಿಗಳ ಪ್ರತ್ಯೇಕ ನೆರವಿದೆ. ವಕೀಲರ ಶುಲ್ಕಕ್ಕೆ ಶಕ್ತಿಯಿಲ್ಲದವರು, ಮಹಿಳೆಯರು, ಅಂಗವಿಕಲರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವನ್ನು ಕೋರಬಹುದು. ರಾಜಿಯೇ ಬೇಕೆನ್ನುವವರಿಗೆ ಲೋಕ ಅದಾಲತ್ ಇದೆ. ಅಲ್ಲಿ ನಷ್ಟದ ಲೆಕ್ಕ ಮುಂದಿಟ್ಟುಕೊಂಡು, ನ್ಯಾಯಾಧೀಶರ ಸಮ್ಮುಖದಲ್ಲಿ ರಾಜಿಯಾಗುತ್ತದೆ.

ಕೊನೆಯದಾಗಿ ನಮ್ಮ ಜಾತ್ರೆಗಳ ಬಗ್ಗೆ ಒಂದು ಮಾತು. ತೇರಿನ ದಿನ ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ಸರಕಿನ ಲಾರಿಯಲ್ಲಿ ಹೆಂಗಸರು ಮಕ್ಕಳನ್ನು ತುಂಬಿಕೊಂಡು ಹೊರಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಸರಕು ಸಾಗಣೆಯ ವಾಹನದಲ್ಲಿ ಸರಕಿನ ಒಡೆಯ ಅಥವಾ ಆತನ ಪ್ರತಿನಿಧಿಯನ್ನು ಬಿಟ್ಟು, ಹಾಗೆಯೇ ಹತ್ತಿ ಕುಳಿತ ಪ್ರಯಾಣಿಕರ ಹೊಣೆಯನ್ನು ಕಾಯಿದೆಯ ಕಡ್ಡಾಯ ವಿಮೆ ಹೊರುವುದಿಲ್ಲ. ಟ್ರೇಲರು ಮಗುಚಿದರೆ ಪರಿಹಾರದ ಹೊರೆ ಮಾಲೀಕನ ಹೊಲಮನೆಯ ಮೇಲೆ ಬೀಳುತ್ತದೆ; ಆತನಲ್ಲಿ ಏನೂ ಇಲ್ಲವಾದರೆ ಗಾಯಾಳುವಿಗೆ ಸಿಗುವುದು ಬರಿಯ ತೀರ್ಪಿನ ಕಾಗದ. ಊರಿನ ಹಿರಿಯರು ಮುಂದಿನ ಜಾತ್ರೆಗೆ ಮುಂಚೆಯೇ ಬಸ್ಸಿನ ಏರ್ಪಾಟು ಮಾಡಿದರೆ ಎಷ್ಟೋ ಮನೆಗಳ ದೀಪ ಉಳಿದೀತು. ತಮ್ಮ ಮನೆಯ ವಾಹನದ ವಿಮೆ ಯಾವ ದಿನಾಂಕದವರೆಗೆ ಇದೆಯೆಂಬುದನ್ನು ಓದುಗ ಬಂಧುಗಳು ಇಂದೇ ನೋಡಿಕೊಳ್ಳಬೇಕೆಂದು ನಾವು ಆಶಿಸುತ್ತೇವೆ.